ಜ್ವರ ಬಂದವರೇ ಕೈ ಚಾಚಿದರು

ವಜೀರಬಿಗೆ ಇದ್ದವನು ಗಂಡ ಖಮರುದ್ದೀನ ಒಬ್ಬನೇ. ಹಡೆದ ಮಕ್ಕಳು ಉಳಿಯಲಿಲ್ಲ. ತವರಿನಲ್ಲಿ ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಖಮರುದ್ದೀನನ ಬದುಕನ್ನು ಹೇಳಹೊರಟರೆ, ಆ ಒಬ್ಬನನ್ನು ಉಳಿಸಿಕೊಳ್ಳಲು ಅವಳು ಯಾರ ಯಾರ ಬಾಗಿಲಿಗೆ ಹೋದಳು ಎಂಬುದನ್ನೂ ಹೇಳಬೇಕಾಗುತ್ತದೆ. ಹೇಳಿದರೆ ಯಾರಿಗೂ ಒಳ್ಳೆಯದಾಗಿ ಕಾಣುವುದಿಲ್ಲ. ಕಾಣದಿದ್ದರೆ ಬಿಡಲಿ.

ಖಮರುದ್ದೀನ ಜಾತಿಯಿಂದ ಹಜಾಮ. ಬಸವಕಲ್ಯಾಣವನ್ನು ಆಗ ಎಲ್ಲರೂ ಕಲ್ಯಾಣಿ ಎನ್ನುತ್ತಿದ್ದರು. ಅಲ್ಲಿ ಕಿಲ್ಲೆಯಿಂದ ಪೇಟೆಗೆ ಇಳಿಯುವ ಓಣಿಯಲ್ಲಿ ಅವನ ಮನೆ. ಗಡ್ಡ ಹೆರೆಯುವ ಕೆಲಸವನ್ನು ಹೊಟ್ಟೆಗಾಗಿ ಮಾಡುತ್ತಿದ್ದ. ಕೊಂಬು ಹಚ್ಚುವ ಕೆಲಸವನ್ನು ಮನಸ್ಸಿಟ್ಟು ಮಾಡುತ್ತಿದ್ದ. ಕೊಂಬು ಎಂದರೆ ಎತ್ತಿನ ಕೊಂಬು, ತುದಿಗೆ ಸಣ್ಣ ತೂತು. ಅದನ್ನು ಬೆನ್ನಿಗೆ ಇಟ್ಟು, ತೂತಿಗೆ ಬಾಯಿ ಹಚ್ಚಿ ಗಾಳಿ ಎಳೆದು, ನಾಲಗೆಯಿಂದಲೇ ಮೇಣ ತಳ್ಳಿ ತೂತು ಮುಚ್ಚುತ್ತಿದ್ದ. ಚರ್ಮ ಉಬ್ಬಿದ ಮೇಲೆ ಕೊಂಬು ತೆಗೆದು, ಕತ್ತಿಯ ತುದಿಯಿಂದ ಗೀರಿ, ಮತ್ತೆ ಹಚ್ಚುತ್ತಿದ್ದ. ಕಪ್ಪು ರಕ್ತ ಬಂದು ತುಂಬುತ್ತಿತ್ತು. ಕುಳಿತವನು ಉಸಿರು ಬಿಟ್ಟು, ಮೈ ಹಗುರಾಯಿತು ಎನ್ನುತ್ತಿದ್ದ. ಆ ರಕ್ತವನ್ನು ಹಿತ್ತಲ ಕುಣಿಗೆ ಸುರಿದು ಮೇಲೆ ಬೂದಿ ಎಳೆಯುವುದು ವಜೀರಬಿಯ ಕೆಲಸ.

ಅವನಿಗೆ ಈ ಕೆಲಸ ಕಲಿಸಿದ ಉಸ್ತಾದರು ಒಂದು ಕಟ್ಟಳೆ ಹಾಕಿದ್ದರು. ನೆಟ್ಟಗಿದ್ದವನ ಮೈಗೆ ಕೊಂಬು ಹಚ್ಚಬಾರದು. ಮೈ ಬಿಸಿ ಇದ್ದವನು, ತಲೆ ಭಾರ ಆದವನು, ದಿನ ಬಿಟ್ಟು ದಿನ ನಡುಗುವವನು ಬರಲಿ. ಅವನ ರಕ್ತ ಕೆಟ್ಟಿರುತ್ತದೆ, ಅದನ್ನು ತೆಗೆಯುವುದು ಪುಣ್ಯ. ಗಟ್ಟಿಮುಟ್ಟಾದವನ ರಕ್ತ ತೆಗೆದರೆ ಅದು ಖೂನಿ. ಖಮರುದ್ದೀನ ಈ ಮಾತನ್ನು ನಮಾಜಿನಷ್ಟೇ ನಿಷ್ಠೆಯಿಂದ ನಡೆಸುತ್ತಿದ್ದ. ಹೋಳಿ ಮುಗಿದ ಮೇಲೂ ಮಳೆ ನಿಂತ ಮೇಲೂ ಅವನ ಕಟ್ಟೆಯ ಮುಂದೆ ಬೆನ್ನು ಬಿಚ್ಚಿ ಕುಳಿತವರ ಸಾಲು. ಹಿಂದೂ, ಮುಸಲ್ಮಾನ ಎನ್ನದೆ ಎಲ್ಲರ ಬೆನ್ನಿನ ಮೇಲೂ ಅವನ ಕೊಂಬಿನ ದುಂಡನೆಯ ಗುರುತು ಇರುತ್ತಿತ್ತು.

ಆ ಸಾಲನ್ನು ಒಂದು ದಿನ ಡಾಕ್ಟರ್ ಅಜೀಮುದ್ದೀನ್ ನೋಡಿದರು. ಹೈದರಾಬಾದಿನಲ್ಲಿ ಓದಿ ಬಂದ ಮನುಷ್ಯ. ಹುಮನಾಬಾದಿನಲ್ಲಿ ಒಬ್ಬ ಸೇಠರು ಧರ್ಮಕ್ಕೆಂದು ತೆರೆದ ಸಣ್ಣ ದವಾಖಾನೆಗೆ ಬಂದು ಸೇರಿದ್ದರು. ಜರ್ಮನಿಯ ಲಡಾಯಿ ಶುರುವಾಗಿದ್ದ ಕಾಲ. ಟಾಂಗಾದಿಂದ ಇಳಿದು ಓಣಿಯ ನಡುವೆ ನಿಂತು ಅವರು ನಗತೊಡಗಿದರು.

“ಹೆಂಡತಿ ಹಡೆದು ರಕ್ತ ಹೋಗಿ ಸಾಯಾಕತ್ತಾಳ, ಒಂದು ಬಾಟಲಿ ರಕ್ತ ಕೊಡಪ್ಪಾ ಅಂತ ಗಂಡನ ಕಾಲು ಹಿಡೀತೀನಿ. ಅವ ಗೋಡಿ ಹಾರಿ ಓಡತಾನ. ನಿನ್ನ ಮುಂದ ಸಾಲು ಹಚ್ಚಿ ಕುಂತಾರಲ್ಲೋ!”

“ಕೈಗುಣ ಸಾಹೇಬ್ರ,” ಅಂದ ಖಮರುದ್ದೀನ. ಕೊಂಬು ಬಾಯಲ್ಲೇ ಇತ್ತು.

ಡಾಕ್ಟರು ಕಟ್ಟೆಯ ಮೇಲೆ ಕುಳಿತರು. ಮನುಷ್ಯರ ರಕ್ತದಲ್ಲಿ ನಾಲ್ಕು ಗುಂಪುಗಳಿವೆ, ಕೂಡದ ಗುಂಪಿನ ರಕ್ತ ಹಾಕಿದರೆ ಮನುಷ್ಯ ಸಾಯುತ್ತಾನೆ, ಕೂಡುವುದನ್ನು ಹಾಕಿದರೆ ಸಾಯುವವರು ಎದ್ದು ಕೂರುತ್ತಾರೆ ಎಂದರು. ಈ ಸೀಮೆಯಲ್ಲಿ ಯಾರದು ಯಾವ ಗುಂಪು ಎಂದು ಶೋಧ ಮಾಡುತ್ತಿದ್ದಾರಂತೆ. ಕರೆದಾಗ ಬಂದು ಕೈ ಚಾಚುವ ಜನರನ್ನು ಗೊತ್ತು ಮಾಡಿಟ್ಟುಕೊಳ್ಳಬೇಕಂತೆ.

ಎದುರು ಮನೆಯ ಮುನ್ನಿ ಬೀ ಬಾಗಿಲಲ್ಲೇ ನಿಂತು ಕೇಳುತ್ತಿದ್ದಳು. “ರಕ್ತಕ್ಕೂ ಜಾತಿ ಹಚ್ಚಿದ್ರೇನ್ರಿ ಸಾಹೇಬ್ರ? ಹೊರಗ ಇದ್ದ ಜಾತಿ ಸಾಲಲಿಲ್ಲೇನು?” ಅಂದಳು. ಬೆನ್ನು ಬಿಚ್ಚಿ ಕುಳಿತವರೆಲ್ಲ ನಕ್ಕರು. ಡಾಕ್ಟರೂ ನಕ್ಕರು. ಆ ದಿನ ಎಲ್ಲರೂ ನಕ್ಕಿದ್ದರು.

ಹೀಗೆ ಖಮರುದ್ದೀನ ದವಾಖಾನೆಯ ಚಪರಾಸಿಯಾದ. ಎದೆಗೆ ಹಿತ್ತಾಳೆಯ ಬಿಲ್ಲೆ ಬಂತು. ಗಂಡ ಹೆಂಡತಿ ಇಬ್ಬರೂ ಹುಮನಾಬಾದಿಗೆ ಹೋಗಿ ದವಾಖಾನೆಯ ಹಿಂದಿನ ಕೋಣೆಯಲ್ಲಿ ಒಲೆ ಹೂಡಿದರು. ಹಳ್ಳಿ ಹಳ್ಳಿ ತಿರುಗಿ ರಕ್ತ ಕೊಡುವವರನ್ನು ಕರೆತರುವುದು ಅವನ ಕೆಲಸ. ಬಂದವರ ಬೆರಳು ಚುಚ್ಚಿ, ಬಿಳಿಯ ಬಿಲ್ಲೆಯ ಮೇಲೆ ಹನಿ ಹಾಕಿ, ದವಾ ಬೆರೆಸಿ ಗುಂಪು ನೋಡುವುದು ಡಾಕ್ಟರ ಕೆಲಸ. ಜನ ಹೆದರಬಾರದೆಂದು ಖಮರುದ್ದೀನ ಮೊದಲು ತನ್ನ ಬೆರಳು ಕೊಟ್ಟ. ಆಮೇಲೆ ಕಲ್ಯಾಣಿಯಿಂದ ತಮ್ಮ ಹಬೀಬನನ್ನು ಕರೆಸಿ ಅವನ ಬೆರಳನ್ನೂ ಚುಚ್ಚಿಸಿದ. ಅಣ್ಣ ತಮ್ಮಂದಿರದು ಒಂದೇ ಗುಂಪು. ಅದು ಎಂಥ ಗುಂಪೆಂದರೆ, ಅವರ ರಕ್ತ ಎಲ್ಲರಿಗೂ ನಡೆಯುತ್ತದೆ, ಅವರಿಗೆ ಮಾತ್ರ ತಮ್ಮ ಗುಂಪಿನದೇ ಆಗಬೇಕು. ಡಾಕ್ಟರು ಇದನ್ನು ಹೇಳಿದಾಗ ಖಮರುದ್ದೀನ ಹಿಗ್ಗಿದ. ವಜೀರಬಿಗೆ ಅದರಲ್ಲಿ ಹಿಗ್ಗುವಂಥದ್ದೇನೂ ಕಾಣಲಿಲ್ಲ.

ಜನ ಬಂದರು. ಹುಡಗಿ ಎಂಬ ಹಳ್ಳಿಯಿಂದ ಬಂದರು, ಮುಡಬಿಯಿಂದ ಗಾಡಿ ಕಟ್ಟಿಕೊಂಡು ಬಂದರು. ಡಾಕ್ಟರಿಗೆ ಆಶ್ಚರ್ಯ. ಬೇರೆ ಊರುಗಳ ಡಾಕ್ಟರಿಗೆ ಒಬ್ಬರೂ ಸಿಗದಿದ್ದಾಗ ಇವರ ಅಂಗಳದಲ್ಲಿ ಜನ ಕಾಯುತ್ತಿದ್ದರು. ಖಮರುದ್ದೀನ ಜನರಿಗೆ ಏನು ಹೇಳಿ ತರುತ್ತಾನೆ ಎಂದು ಡಾಕ್ಟರು ಕೇಳಲಿಲ್ಲ. ಕೇಳಿದ್ದರೆ ಅವನು ಮುಚ್ಚಿಡುತ್ತಿರಲಿಲ್ಲ. ಹೊಲದಲ್ಲಿ, ಚಾವಡಿಯಲ್ಲಿ, ಬಾವಿಯ ಕಟ್ಟೆಯಲ್ಲಿ ಅವನು ಎಂದಿನ ಮಾತನ್ನೇ ಆಡುತ್ತಿದ್ದ.

“ಮೈ ಭಾರ ಅದ ಏನು? ನಡುಕ ಬಂದು ಹೋಗ್ಯಾದೇನು? ಬಾ. ಕೊಂಬಿಗಿಂತ ಈ ಸೂಜಿ ಚಲೋ, ಗೀರೂದಿಲ್ಲ, ಉರಿಯೂದಿಲ್ಲ. ಕೆಟ್ಟದ್ದೆಲ್ಲ ಹೋಗಿಬಿಡ್ತದ.”

ಹುಡಗಿಯಲ್ಲಿ ಒಬ್ಬ ಪೈಲವಾನ ತಾನಾಗಿ ಬಂದು ತೋಳು ತೋರಿಸಿದಾಗ, “ನಿಂದು ಕೆಟ್ಟಿಲ್ಲೋ ತಮ್ಮಾ, ಹೋಗು, ಹೋಗಿ ಹಾಲು ಕುಡಿ,” ಎಂದು ಬೆನ್ನು ತಟ್ಟಿ ಕಳಿಸಿದ್ದ. ಅದನ್ನು ಮನೆಗೆ ಬಂದು ವಜೀರಬಿಯ ಮುಂದೆ ಹೇಳಿದ್ದ. ಅವಳಿಗೂ ಸರಿಯೆನಿಸಿತ್ತು.

ಡಾಕ್ಟರು ಬಂದವರ ಎದೆ ನೋಡುತ್ತಿದ್ದರು. ಗರ್ಮಿ ಎಂಬ ಗುಪ್ತರೋಗದ ಹುಣ್ಣು ಇದೆಯೇ ಎಂದು ಬಟ್ಟೆ ಬಿಚ್ಚಿಸಿ ನೋಡುತ್ತಿದ್ದರು. ಜ್ವರದ ಮಾತು ಕೇಳುತ್ತಿರಲಿಲ್ಲ. ನಡುಕದ ಜ್ವರ, ಅಂದರೆ ಮಲೇರಿಯಾ, ದಿನ ಬಿಟ್ಟು ದಿನ ಬರುವಂಥದ್ದು. ಬಂದವರು ಬಿಟ್ಟ ದಿನವೇ ಬರುತ್ತಿದ್ದರು, ಮೈ ತಣ್ಣಗಿರುತ್ತಿತ್ತು.

ಮೊದಲು ಉಳಿದವಳು ಹುಡಗಿಯ ಶೇವಂತಾಬಾಯಿ. ಹಡೆದು ಚಾಪೆಯೆಲ್ಲ ತೋಯ್ದು, ತುಟಿ ಬೂದಿಬಣ್ಣವಾಗಿ ಬಂದಿದ್ದಳು. ಗಂಡ ದಿಗಂಬರ ಓಡಿಹೋಗುವವನಲ್ಲ. “ನಂದು ಎಲ್ಲಾ ತಗೋರಿ,” ಎಂದು ಅಂಗಿ ಬಿಚ್ಚಿ ನಿಂತ. ಅವನ ಬೆರಳು ಚುಚ್ಚಿ ನೋಡಿದರೆ ಖಮರುದ್ದೀನನ ಗುಂಪೇ, ಅವಳಿಗೆ ನಡೆಯಬೇಕಾದದ್ದು. ಆದರೆ ಅವಳ ರಕ್ತದ ಜೊತೆ ಬೆರೆಸಿ ನೋಡಿದಾಗ ಏನೋ ಸರಿ ಬರಲಿಲ್ಲ, ಡಾಕ್ಟರು ಬೇಡವೆಂದರು. ಅಂಗಳದಲ್ಲಿ ಕಾಯುತ್ತಿದ್ದ ಇನ್ನೊಬ್ಬನದು ಕೂಡಿತು. ಬಾಟಲಿಗೆ ಉಪ್ಪಿನಂಥ ದವಾ ಹಾಕಿ, ಅದರೊಳಗೆ ರಕ್ತ ಹಿಡಿದು, ತೆಳುವಾದ ಬಟ್ಟೆಯಲ್ಲಿ ಸೋಸಿ ಅವಳ ತೋಳಿಗೆ ಬಿಟ್ಟರು. ಸಂಜೆಯೊಳಗೆ ಅವಳು ನೀರು ಕೇಳಿದಳು. ದಿಗಂಬರ ಡಾಕ್ಟರ ಕಾಲಿಗೆ ಬಿದ್ದ, ಖಮರುದ್ದೀನನ ಕಾಲಿಗೂ ಬಿದ್ದ. ಖಮರುದ್ದೀನ ತಲೆ ಮುಟ್ಟಿ ಎಬ್ಬಿಸಿದ. ವಜೀರಬಿ ಅವನನ್ನು ಅಷ್ಟು ಸಂತೋಷದಲ್ಲಿ ಮದುವೆಯ ದಿನವೂ ಕಂಡಿರಲಿಲ್ಲ.

ಎರಡು ವಾರ ಕಳೆದ ಮೇಲೆ ಶೇವಂತಾಬಾಯಿಗೆ ನಡುಕ ಬಂತು. ದವಾಖಾನೆಯಲ್ಲಿ ಉಳಿದಿದ್ದ ಕ್ವಿನೈನ್ ನುಂಗಿ ಚೇತರಿಸಿಕೊಂಡಳು. ಜ್ವರ ಯಾರಿಗೆ ಬರುವುದಿಲ್ಲ ಎಂದು ಎಲ್ಲರೂ ಸುಮ್ಮನಾದರು.

ಮುಡಬಿಯ ದ್ರೌಪತಿಗೆ ಆ ನಸೀಬು ಇರಲಿಲ್ಲ. ಅವಳೂ ಹಡೆದು ರಕ್ತ ಹೋಗಿಯೇ ಬಂದವಳು, ಅವಳೂ ಬಾಟಲಿಯಿಂದ ಎದ್ದು ಕುಳಿತವಳು. ಅಷ್ಟರಲ್ಲಿ ಲಡಾಯಿ ಬರ್ಮಾಕ್ಕೆ ಬಂದಿತ್ತು. ಕ್ವಿನೈನ್ ಬಜಾರಿನಲ್ಲಿ ಇರಲಿಲ್ಲ, ದವಾಖಾನೆಯಲ್ಲಿ ಇರಲಿಲ್ಲ, ಇದ್ದದ್ದು ಪಲ್ಟಣಿಗೆ ಹೋಗುತ್ತಿತ್ತು. ದ್ರೌಪತಿ ನಡುಗಿ ನಡುಗಿ ಸತ್ತಳು. ಅವಳ ಅತ್ತೆ ಅಂಬುಬಾಯಿ ಕೂಸನ್ನು ಬಗಲಲ್ಲಿ ಕಟ್ಟಿಕೊಂಡು ದವಾಖಾನೆಯ ಅಂಗಳಕ್ಕೆ ಬಂದು ನಿಂತಳು. ಅಳಲಿಲ್ಲ, ಬೈಯಲೂ ಇಲ್ಲ.

“ಹಡೆದಾಗ ಸತ್ತಿದ್ರ ದೇವರು ಒಯ್ದ ಅಂತಿದ್ದೆ. ಎದ್ದಿದ್ಲು. ರೊಟ್ಟಿ ಬಡಿಯಾಕತ್ತಿದ್ಲು. ಕೂಸಿಗೆ ಮೊಲಿ ಕೊಡಾಕತ್ತಿದ್ಲು. ಆಮ್ಯಾಲ ಸತ್ತಳು. ನಮ್ಮ ಮನ್ಯಾಗ ಮತ್ತ ಯಾರಿಗೂ ನಡುಕ ಇಲ್ಲ. ನಿಮ್ಮ ಬಾಟ್ಲ್ಯಾಗ ಏನಿತ್ತು ಹೇಳ್ರಿ.”

ಡಾಕ್ಟರು ಅವಳನ್ನು ಕೂರಿಸಿ ಖಮರುದ್ದೀನನನ್ನು ಕರೆದರು. ವಜೀರಬಿ ಅಂಗಳ ಗುಡಿಸುತ್ತಿದ್ದವಳು ಪೊರಕೆ ಹಿಡಿದೇ ನಿಂತಳು.

“ಈಕಿಗೆ ರಕ್ತ ಕೊಟ್ಟವಗ ಜ್ವರ ಇತ್ತೇನು?”

“ಇತ್ತಲ್ರಿ ಸಾಹೇಬ್ರ. ಅದಕ್ಕ ತಂದಿದ್ದೆ.”

“ಅದಕ್ಕ ಅಂದ್ರ?”

“ಜ್ವರ ಇದ್ದವರನ್ನ ತಂದೀನಿ, ಎಲ್ಲಾರೂ ಅಂಥವರೇ. ನೆಟ್ಟಗಿದ್ದವರ ರಕ್ತ ತೆಗೀತಾರೇನ್ರಿ? ಪಾಪ ಅಲ್ಲೇನು?”

“ಕೆಟ್ಟ ರಕ್ತ ಒಯ್ದು ನಾ ಬಾಣಂತಿ ಮೈಗೆ ಹಾಕ್ತೀನಿ ಅಂತ ತಿಳಿದಿದ್ದೇನೋ ನೀ?”

ಖಮರುದ್ದೀನ ಬಾಟಲಿಗಳ ಕಡೆ ನೋಡಿದ. “ನೀವು ದವಾ ಹಾಕಿ ತೊಳೀತೀರಲ್ರಿ. ಬಟ್ಟ್ಯಾಗ ಸೋಸ್ತೀರಿ. ನಾ ಕಣ್ಣಾರೆ ನೋಡೀನಿ. ಕೆಟ್ಟದ್ದು ಅಲ್ಲೇ ಉಳೀತದಂತ…”

ಆ ದವಾ ರಕ್ತ ಹೆಪ್ಪುಗಟ್ಟಬಾರದೆಂದು ಹಾಕುವುದು. ಬಟ್ಟೆ ರಕ್ತದ ಗಂಟುಗಳನ್ನು ತಡೆಯಲಿಕ್ಕೆ. ಜ್ವರ ಬಟ್ಟೆಯಲ್ಲಿ ನಿಲ್ಲುವುದಿಲ್ಲ. ಡಾಕ್ಟರು ಇದನ್ನು ಮೆಲ್ಲಗೆ ಹೇಳಿದರು. ಆಮೇಲೆ ಕುರ್ಚಿಯಲ್ಲಿ ಕುಸಿದು, “ನಾ ಕೇಳಬೇಕಿತ್ತು. ಅವ ರಕ್ತ ಕೊಡಾಕ ಬಂದಾಗ ನಾ ಒಂದು ಮಾತು ಕೇಳಬೇಕಿತ್ತು,” ಎಂದರು. ಅಂಬುಬಾಯಿ ಕೂಸನ್ನು ಇನ್ನೊಂದು ಬಗಲಿಗೆ ಬದಲಿಸಿಕೊಂಡು ಎದ್ದು ಹೋದಳು.

ಡಾಕ್ಟರು ಆಮೇಲೆ ಇದನ್ನೆಲ್ಲ ಬರೆದು ದೊಡ್ಡ ಡಾಕ್ಟರುಗಳಿಗೆ ಕಳಿಸಿದರು. ರಕ್ತ ಕೊಡುವವರನ್ನು ಜ್ವರದ ಬಗ್ಗೆ ಕೇಳಿಯೇ ಆರಿಸಬೇಕು ಎಂಬುದು ಅದರ ಸಾರ. ಒಳ್ಳೆಯ ಕೆಲಸ ಎಂದು ಅವರೂ ತಿರುಗಿ ಬರೆದರಂತೆ. ಓದಿದವರಿಗೆ ಅದೊಂದು ಅನುಕೂಲ, ತಪ್ಪಿದ್ದನ್ನು ಕಲಿತದ್ದು ಎಂದು ಬರೆಯಬಹುದು. ಖಮರುದ್ದೀನನಿಗೆ ಬರೆಯಲು ಬರುತ್ತಿರಲಿಲ್ಲ. ಅವನು ಊಟ ಬಿಟ್ಟ.

ಮತ್ತೆ ಉಣ್ಣಲು ಶುರುಮಾಡಿದ ಮೇಲೆ ಅವನು ಮತ್ತೆ ಹಳ್ಳಿಗಳಿಗೆ ಹೊರಟ. ಈ ಸಲ ಮಾತು ತಿರುವುಮುರುವು. ಜ್ವರ ಬಂದವರು ಬರಬೇಡಿ, ನೆಟ್ಟಗಿದ್ದವರು ಬನ್ನಿ. ಜನ ಅವನ ಮುಖ ನೋಡಿದರು.

“ನಿನ್ನೆ ತನಕ ಕೆಟ್ಟದ್ದು ಬೇಡ್ತಿದ್ದಿ, ಇವತ್ತ ಒಳ್ಳೇದು ಬೇಕಾತೇನೋ ಖಮರೂ? ನಾಳಿ ಕಲೀಜಾ ಕೇಳ್ತಿ!”

“ನಮ್ಮ ರಕ್ತ ತಗದು ಲಡಾಯಿಗೆ ಕಳಸ್ತಾರಂತಲ್ಲೋ, ಗೋರಾ ಮಂದಿಗೆ?”

ಮುಡಬಿಯಲ್ಲಿ ಕಲ್ಲು ಬಿತ್ತು. ಹುಮನಾಬಾದಿನಲ್ಲಿ ಬಿಡುವಿದ್ದಾಗ ಗಡ್ಡ ಹೆರೆಯುತ್ತಿದ್ದ ಅವನ ಕೈಗೆ ಗಡ್ಡ ಕೊಡುವುದನ್ನೂ ಜನ ಬಿಟ್ಟರು. ಕತ್ತಿ ಹಿಡಿದು ಕುತ್ತಿಗೆಯ ಹತ್ತಿರ ಬರುವವನು, ರಕ್ತದ ಮೇಲೆ ಕಣ್ಣಿಟ್ಟವನು. ಕಲ್ಯಾಣಿಯಿಂದ ಮುನ್ನಿ ಬೀ ಯಾವುದೋ ಮದುವೆಗೆ ಬಂದವಳು ವಜೀರಬಿಯನ್ನು ಕಂಡು, “ನಿನ್ನ ಗಂಡ ಹಾಲಿನವನಂಗ ಮನಿ ಮನಿ ತಿರುಗತಾನಂತ. ಒಂದು ಫರಕ ಅದ, ಹಾಲಿನವ ಹಾಕ್ತಾನ, ಇವ ಹಿಂಡತಾನ,” ಎಂದು ಎಲ್ಲರೆದುರು ಅಂದಳು. ವಜೀರಬಿ ಅವತ್ತು ಉಣ್ಣದೆ ಎದ್ದು ಬಂದಳು.

ಯಾರೂ ಬಾರದಾಗ ಖಮರುದ್ದೀನ ತನ್ನದೇ ತೋಳು ಚಾಚಿದ. ಅವನ ರಕ್ತ ಎಲ್ಲರಿಗೂ ನಡೆಯುವಂಥದ್ದು. ಡಾಕ್ಟರು ತಿಂಗಳುಗಟ್ಟಲೆ ತಡೆದು ತಡೆದು ತೆಗೆಯುತ್ತಿದ್ದರು. ಆದರೂ ವಜೀರಬಿ ಜಗಳ ತೆಗೆಯದ ದಿನವಿಲ್ಲ.

“ನೀವೇನು ಊರ ಬಾವಿಯೇನು? ಬಂದವರೆಲ್ಲ ಕೊಡ ಇಳಸ್ಲಿಕ್ಕ?”

“ದ್ರೌಪತಿ ಲೆಕ್ಕ ಮುಟ್ಟಿಸಾಕತ್ತೀನಿ.”

“ಸತ್ತವರಿಗೆ ಮುಟ್ಟಿಸ್ರಿ. ಬದುಕಿದಾಕಿ ಇಲ್ಲೊಬ್ಬಾಕಿ ಅದೀನಿ.”

ಅವನು ನಗುತ್ತಿದ್ದ. ಆ ನಗು ಅವಳಿಗೆ ಸೇರುತ್ತಿರಲಿಲ್ಲ.

ಲಡಾಯಿ ಮುಗಿಯುವುದಕ್ಕೆ ಹಿಂದಿನ ವರ್ಷ, ತೊಗರಿ ಹೂ ಬಿಟ್ಟ ಸಮಯ. ಹೊಟ್ಟೆ ಉರಿಯುತ್ತದೆ ಎಂದು ಖಮರುದ್ದೀನ ಕೆಲವು ದಿನಗಳಿಂದ ಹೇಳುತ್ತಿದ್ದ. ಒಂದು ಮುಂಜಾನೆ ರೊಟ್ಟಿ ಮುರಿದು ಬಾಯಿಗಿಟ್ಟವನು ಎದ್ದು ಹೊರಗೆ ಹೋಗಿ ಕಾರಿಕೊಂಡ. ಮೊದಲು ಸುಟ್ಟ ಬೆಲ್ಲದ ನೀರಿನಂಥದ್ದು. ಆಮೇಲೆ ಕೆಂಪು. ಹೊಟ್ಟೆಯ ಹುಣ್ಣು ಒಡೆದು ರಕ್ತ ಒಳಗೇ ಸೋರುತ್ತಿದೆ ಎಂದರು ಡಾಕ್ಟರು. ರಕ್ತ ಹಾಕಿದರೆ ಹುಣ್ಣು ಮಾಯುವ ತನಕ ತಡೆದಾನು. ಹಾಕದಿದ್ದರೆ ಆಗದು.

ವಜೀರಬಿ ಬೆರಳು ಚಾಚಿದಳು. ಬಿಳಿ ಬಿಲ್ಲೆಯ ಮೇಲೆ ಅವಳ ಹನಿ ಒಡೆದ ಹಾಲಿನಂತೆ ಕಾಳು ಕಾಳಾಯಿತು. ಅವಳದು ಬೇರೆ ಗುಂಪು. ಡಾಕ್ಟರದೂ ಬೇರೆ, ಕಂಪೌಂಡರನದೂ ಬೇರೆ. ಆ ಗುಂಪಿನವರೆಂದು ಗೊತ್ತಿದ್ದು, ಕರೆದರೆ ಬಂದಾರು ಎನ್ನಬಹುದಾದವರು ಇಬ್ಬರೇ. ಕಲ್ಯಾಣಿಯಲ್ಲಿ ಹಬೀಬ, ಹುಡಗಿಯಲ್ಲಿ ದಿಗಂಬರ.

ಅವಳು ಮೊದಲು ಮೋಟಾರು ಹತ್ತಿ ಕಲ್ಯಾಣಿಗೆ ಹೋದಳು. ಒಡಹುಟ್ಟಿದವನು ಎಂಬ ನಂಬಿಕೆ. ಹಬೀಬ ಕುಸ್ತಿಯ ತಾಲೀಮಿನಿಂದ ಬಂದು ಮೈಗೆ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಕುಳಿತಿದ್ದ. ತೋಳುಗಳು ಬಾಗಿಲ ಕಂಬದಂತಿದ್ದವು. ಎಲ್ಲ ಕೇಳಿಸಿಕೊಂಡು ತಲೆ ತಗ್ಗಿಸಿದ.

“ಭಾಬಿ, ನಾ ನೆಟ್ಟಗಿದ್ದೀನಿ.”

“ಅದಕ್ಕ ಬಂದೀನಿ.”

“ನೆಟ್ಟಗಿದ್ದವನ ರಕ್ತ ತೆಗೀಬಾರದು ಅಂತ ಭಾಯೀನೇ ಕಲಿಸ್ಯಾನ ನಂಗ. ಸಣ್ಣವ ಇದ್ದಾಗಿಂದ ಕೇಳ್ಕೋತ ಬಂದೀನಿ. ಈಗ ಬ್ಯಾರೆ ಹೇಳಿದ್ರ ಹ್ಯಾಂಗ?”

“ಅವಗ ತಪ್ಪು ಗೊತ್ತಾಗ್ಯಾದ.”

“ಎರಡು ದಿನ ತಡೀರಿ. ಮೈ ಬಿಸಿ ಅನ್ನಿಸಿದ್ರ ನಾನ ಓಡಿ ಬರ್ತೀನಿ. ಅಲ್ಲಾ ಕಸಮ್.”

“ಅಷ್ಟೊತ್ತಿಗೆ ನಿನ್ನ ಭಾಯಿ ಹೆಣ ಆಗಿರ್ತಾನ.”

ಹಬೀಬನ ಹೆಂಡತಿ ಕುಲ್ಸುಮ್ ಬೀ ಒಳಗಿನಿಂದ ಬಂದು ಗಂಡನ ಮುಂದೆ ನಿಂತಳು. “ಬೈಕೋರಿ ಭಾಬಿ, ಬೇಕಾದ್ದು ಅನ್ರಿ. ನಂಗೂ ಇರೂದು ಇವ ಒಬ್ಬನೇ. ನಾ ಕಳಸೂದಿಲ್ಲ.”

ಕುಲ್ಸುಮ್ ಬೀಯ ಜಾಗದಲ್ಲಿ ತಾನಿದ್ದರೆ ವಜೀರಬಿಯೂ ಅದನ್ನೇ ಹೇಳುತ್ತಿದ್ದಳು. ಹಬೀಬನ ಮುಖಕ್ಕೆ ಮಾತ್ರ ಉಗುಳಿದಳು. ಅವನು ಒರೆಸಿಕೊಳ್ಳಲಿಲ್ಲ, ಎದ್ದು ಬರಲೂ ಇಲ್ಲ.

ತಿರುಗಿ ಬಂದಾಗ ಖಮರುದ್ದೀನನ ಅಂಗೈ ಮೇಣದ ಹಾಗಿತ್ತು.

ಮರುದಿನ ಬೆಳಕು ಹರಿಯುವಾಗಲೇ ಅವಳು ಹುಡಗಿಯಲ್ಲಿದ್ದಳು. ದಿಗಂಬರ ಗಾಡಿಗೆ ಎತ್ತು ಹೂಡುತ್ತಿದ್ದ. ಶೇವಂತಾಬಾಯಿ ಹಗ್ಗ ಹಿಡಿದಿದ್ದಳು.

“ಅಕ್ಕಾ, ನೀ ಬರಬೇಕಿತ್ತೇನು? ಸುದ್ದಿ ನಿನ್ನೆ ಸಂಜಿಗಿ ಬಂತು. ನಾನ ಹೊಂಟಿದ್ದೆ. ಖಮರೂ ಮಾಮಾಗ ನನ್ನ ಮೈಯಾಗ ಇದ್ದದ್ದೆಲ್ಲ ಕೊಡ್ತೀನಿ, ಏರು.”

ಗಾಡಿಯಲ್ಲಿ ಕುಳಿತು ವಜೀರಬಿ ಎಷ್ಟೋ ಹೊತ್ತಿನ ಮೇಲೆ ಉಸಿರು ಬಿಟ್ಟಳು. ಊರು ದಾಟಿದ ಮೇಲೆ ದಿಗಂಬರ ಹೇಳಿದ, “ಒಳ್ಳೇ ವ್ಯಾಳ್ಯಾಕ ಕರೆ ಬಂತಕ್ಕಾ. ಮೊನ್ನಿ ನಡುಕ ಬಂದು ಮೈ ಮುರಿದಂಗ ಆಗಿತ್ತು. ರಕ್ತ ಹೋದ್ರ ನಂಗೂ ಹಗುರಾಗ್ತದ.”

ಎತ್ತಿನ ಕೊರಳ ಗಂಟೆ ಸದ್ದು ಮಾಡುತ್ತಿತ್ತು. ಅವಳು ಅದನ್ನೇ ಕೇಳುತ್ತ ಕುಳಿತಳು. ದವಾಖಾನೆ ಕಾಣಿಸಿದಾಗ ಬಾಯಿ ಬಿಟ್ಟಳು.

“ದಿಗಂಬರ, ಜ್ವರ ಬಂದಿತ್ತೇನಂತ ಡಾಕ್ಟರ್ ಕೇಳ್ತಾರ. ಇಲ್ಲ ಅನ್ನು.”

“ಯಾಕಕ್ಕಾ?”

“ಜ್ವರದ ರಕ್ತ ಅವರು ತಗೊಳ್ಳೂದಿಲ್ಲ. ನಿಂದು ಬಿಟ್ರ ಮತ್ತ ಯಾರದೂ ಇಲ್ಲ. ಇಲ್ಲ ಅನ್ನು, ಅಷ್ಟ.”

ಅವನು ಎತ್ತುಗಳ ಬೆನ್ನು ನೋಡುತ್ತ ಕುಳಿತ. “ಹೂಂ ಅಕ್ಕಾ,” ಅಂದ.

ಡಾಕ್ಟರು ಕೇಳಿದರು. ದಿಗಂಬರ ವಜೀರಬಿಯ ಕಡೆ ನೋಡಿದ. “ಇಲ್ರಿ, ಬಂದಿಲ್ಲ,” ಎಂದು ಅವಳೇ ಹೇಳಿದಳು. ಡಾಕ್ಟರು ಅವನ ಕಣ್ಣಿನ ರೆಪ್ಪೆ ಬಿಡಿಸಿ ನೋಡಿದರು. “ಖರೇನೇನು?” ಅಂದರು. “ಖರೇ,” ಅಂದಳು. ಅವರಿಗೂ ನಂಬಬೇಕಾಗಿತ್ತು. ದಿಗಂಬರನನ್ನು ಮಲಗಿಸಿ ತೋಳಿಗೆ ಪಟ್ಟಿ ಬಿಗಿದರು. ನರ ಉಬ್ಬಿತು.

ಪಕ್ಕದ ಮಂಚದಲ್ಲಿ ಖಮರುದ್ದೀನ ಕಣ್ಣು ತೆರೆದ. ತಲೆ ತಿರುಗಿಸಲು ಅವನಿಗೆ ಬಹಳ ಹೊತ್ತು ಹಿಡಿಯಿತು.

“ದಿಗಂಬರ. ಇಲ್ಲಿ ನೋಡಪ್ಪಾ. ನಡುಕ ಬಂದಿತ್ತೇನು?”

ಡಾಕ್ಟರು ಸೂಜಿ ಹಿಡಿದ ಕೈಯನ್ನು ತಡೆದರು.

“ಹೇಳಪ್ಪಾ.”

“ಬಂದಿತ್ತು ಮಾಮಾ. ಮೊನ್ನಿ.”

ವಜೀರಬಿ ಡಾಕ್ಟರ ಮುಂದೆ ಹೋಗಿ ನಿಂತಳು. “ಬಂದಿದ್ರ ಬರ್ಲಿ. ಹಾಕ್ರಿ. ಇವತ್ತ ಉಳಿದ್ರ ನಾಳಿದು ನಾಳಿ ನೋಡಿದ್ರಾತು.”

ಡಾಕ್ಟರು ಅವಳನ್ನು ನೋಡದೆ ಮಾತಾಡಿದರು. “ಹಾಕಿದ್ರ ಇವತ್ತು ಉಳಿದಾನು. ಆಮ್ಯಾಲ ನಡುಕ ಬಂದ್ರ ಈ ಮೈ ತಡಿಯೂದಿಲ್ಲ. ಕ್ವಿನೈನ್ ಒಂದು ಗುಳಿಗಿ ಇಲ್ಲ ನನ್ನ ಹಂತ್ಯಾಕ. ಆದ್ರೂ ಹಾಕು ಅಂದ್ರ ಹಾಕ್ತೀನಿ. ಖಮರುದ್ದೀನ, ನೀ ಹೇಳು.”

“ಬ್ಯಾಡ ಸಾಹೇಬ್ರ.”

“ಯಾಕ ಬ್ಯಾಡ?” ವಜೀರಬಿಯ ಕೂಗು ಅಂಗಳದ ತನಕ ಕೇಳಿಸಿತು. “ಅವರಿವರಿಗೆ ಕೊಡಾಕ ಬರ್ತದ, ತಗೊಳ್ಳಾಕ ಬರೂದಿಲ್ಲೇನು?”

“ಇಂಥಾ ರಕ್ತ ನಾ ತಂದು ದ್ರೌಪತಿಗೆ ಹಾಕಿಸೀನಿ. ಗೊತ್ತಿಲ್ದ ಹಾಕಿಸೀನಿ. ಈಗ ಗೊತ್ತದ.”

“ದ್ರೌಪತಿ ಸತ್ತಾಳ. ನಾ ಇಲ್ಲಿ ನಿಂತೀನಿ. ನನ್ನ ಕಡಿ ನೋಡ್ರಿ.”

“ನೋಡಾಕತ್ತೀನಿ,” ಅಂದ ಖಮರುದ್ದೀನ.

ನೋಡುತ್ತಲೇ ಇದ್ದ. ಮಾತು ಬದಲಿಸಲಿಲ್ಲ. ಬೇಡವೆಂದವನ ತೋಳಿಗೆ ಸೂಜಿ ಹಾಕಲಾರೆ ಎಂದು ಡಾಕ್ಟರು ದಿಗಂಬರನ ಪಟ್ಟಿ ಬಿಚ್ಚಿದರು. ಉಬ್ಬಿದ ನರ ಇಳಿಯಿತು. ವಜೀರಬಿ ಗಂಡನನ್ನು ಬೈದಳು, ಡಾಕ್ಟರನ್ನು ಬೈದಳು. ಮಂಚದ ಕಾಲಿಗೆ ಹಣೆ ಚಚ್ಚಿಕೊಂಡಳು. ಆಮೇಲೆ ಅವನ ಪಾದಗಳನ್ನು ಮಡಿಲಲ್ಲಿಟ್ಟುಕೊಂಡು ತಿಕ್ಕುತ್ತ ಕುಳಿತಳು. ಪಾದಗಳು ಬೆಚ್ಚಗಾಗಲಿಲ್ಲ. ಮಧ್ಯಾಹ್ನದ ನಮಾಜಿನ ಕರೆ ಮುಗಿಯುವಷ್ಟರಲ್ಲಿ ಖಮರುದ್ದೀನ ಹೋದ.

ಬಂದವರು ಈಮಾನಿನ ಮನುಷ್ಯ ಎಂದರು. ಇಂಥ ಸಾವು ಯಾರಿಗೆ ಬರುತ್ತದೆ ಎಂದರು. ಅವನು ಬದುಕಿದ್ದಾಗ ಬಾಗಿಲು ಹಾಕಿಕೊಂಡವರೂ ಅದನ್ನೇ ಹೇಳಿದರು. ಎಲ್ಲರೂ ಗಟ್ಟಿಮುಟ್ಟಾಗಿದ್ದರು. ವಜೀರಬಿ ಒಬ್ಬೊಬ್ಬರ ತೋಳನ್ನೇ ನೋಡಿದಳು.

ಮಣ್ಣು ಕಲ್ಯಾಣಿಯಲ್ಲಿ ಆಗಬೇಕು. ಗಾಡಿ ಹೂಡಿದವನು ದಿಗಂಬರ. ಹೆಣ ಏರಿಸಿ, ಮೇಲೆ ಚಾದರ ಹೊದಿಸಿ, ನೊಗ ಕಟ್ಟುವಾಗ ಅವನ ಕೈ ಹಗ್ಗದಲ್ಲೇ ನಿಂತಿತು. ಅಂಗಿಯ ತೋಳು ಇನ್ನೂ ಮಡಿಚಿದ್ದ ಹಾಗೇ ಇತ್ತು.

“ಅಕ್ಕಾ, ಮಾಮಾ ಕಣ್ಣಾಗ ಕಣ್ಣಿಟ್ಟು ಕೇಳಿದ. ನಾ ಸುಳ್ಳ ಹೇಳಬೇಕಿತ್ತೇನು?”

ಅವನಿಗೆ ಬೇಕಾಗಿದ್ದ ಉತ್ತರ ಯಾವುದೆಂದು ವಜೀರಬಿಗೆ ತಿಳಿದಿತ್ತು. ಹಾಗೆ ಹೇಳಿದ್ದರೆ ಅವನ ಮನಸ್ಸು ತಣ್ಣಗಾಗುತ್ತಿತ್ತು, ಸತ್ತವನ ಹೆಸರೂ ಉಳಿಯುತ್ತಿತ್ತು.

“ಹೇಳಬೇಕಿತ್ತು,” ಅಂದಳು.

ದಿಗಂಬರ ತಲೆ ತಗ್ಗಿಸಿ ಎತ್ತು ಹೊಡೆದ. ಕಲ್ಯಾಣಿ ಮುಟ್ಟುವ ತನಕ ಅವಳು ಆ ಮಾತನ್ನು ಹಿಂದೆ ತೆಗೆದುಕೊಳ್ಳಲಿಲ್ಲ. ಆಮೇಲೆಯೂ ಇಲ್ಲ.